ಬಣ್ಣದ ಹೊಂಡದ ತಳ

ಇದು ೧೯೩೭ರ ಬೇಸಿಗೆಯಲ್ಲಿ ನನಗೇ ಆದದ್ದು. ಗೋಕಾಕದ ಹತ್ತಿರ ಒಂದು ಬಣ್ಣದ ಗಿರಣಿಯ ಹೊಲಸು ನೀರು ದೊಡ್ಡ ಹೊಂಡದಲ್ಲಿ ನಿಲ್ಲುತ್ತಿತ್ತು. ನೀರು ಹೊರಬಿಟ್ಟ ಮೇಲೆ ತಳದ ರಾಡಿಯನ್ನು ಬುಟ್ಟಿಯಲ್ಲಿ ಹೊತ್ತು, ದಂಡೆಯ ಮರಳಿನ ಮೇಲೆ ಹರವಿ ಒಣಗಿಸುವುದು ನನ್ನ ಮತ್ತು ಪರಪ್ಪ ಕಾಕಾನ ಕೆಲಸ.

ಒಂದು ಮಧ್ಯಾಹ್ನ ಕಾಕಾ ದಂಡೆಯ ಮೇಲಿದ್ದ, ಹೊಂಡದೊಳಗೆ ನಾನೊಬ್ಬನೇ. ಇದ್ದಕ್ಕಿದ್ದಂತೆ ಎದೆಯವರೆಗೆ ಹೂತುಹೋದೆ. ಮೇಲಿನ ರಾಡಿ ಬಿಸಿಲಿಗೆ ಸುಡುತ್ತಿದ್ದರೂ ಕಾಲ ಸುತ್ತ ಹಳೆಯ ಬಾವಿಯಂಥ ಥಂಡಿ. ಎಷ್ಟು ಚಾಚಿದರೂ ಕಾಲಿಗೆ ತಳ ಸಿಗಲಿಲ್ಲ. ಅಲುಗಾಡಿದಷ್ಟೂ ರಾಡಿ ಬಿಗಿಯಾಗಿ, ಉಸಿರೆಳೆಯುವುದೇ ಕಷ್ಟವಾಯಿತು.

ಕಾಕಾ ಓಡಿಬಂದು ಹಗ್ಗ ಎಸೆದ. "ಗಟ್ಟಿ ಹಿಡಿ, ಮಾಯಪ್ಪ. ನಿನ್ನ ಹಿಂದ ಇರಾಂವಗೂ ಹಿಡಿಯಾಕ ಹೇಳು."

"ನನ್ನ ಹಿಂದ ಯಾರೂ ಇಲ್ಲಲ್ಲ ಕಾಕಾ," ಎಂದೆ.

ತಿರುಗಿ ನೋಡಲು ಆಗುತ್ತಿರಲಿಲ್ಲ. ಕಿವಿಯ ಹತ್ತಿರ ಯಾರೋ ಮೆಲ್ಲಗೆ ಉಸಿರಾಡುತ್ತಿದ್ದರು.

ಕಾಕಾ ಕಣ್ಣು ಮುಚ್ಚಿಕೊಂಡೇ ಹಗ್ಗ ಎಳೆದ. ನಾನು ದಂಡೆಗೆ ಬಿದ್ದು ತಿರುಗಿದಾಗ ಹೊಂಡದಲ್ಲಿ ಯಾರೂ ಇರಲಿಲ್ಲ. ಏನು ಕಂಡಿದ್ದನೆಂದು ಅವನು ಸಾಯುವವರೆಗೂ ಹೇಳಲಿಲ್ಲ.

ನಾಲ್ಕು ದಿನಗಳಲ್ಲಿ ಬೇರೆ ಆಳುಗಳು ಉಳಿದ ರಾಡಿಯನ್ನೆಲ್ಲ ತೆಗೆದರು. ನಾನು ಎದೆಯವರೆಗೆ ಹೂತಿದ್ದ ಜಾಗದಲ್ಲಿ ರಾಡಿ ಮೊಣಕಾಲುದ್ದ ಮಾತ್ರ ಇತ್ತು. ಅದರ ಕೆಳಗೆ ಹಾಸುಗಲ್ಲು, ಒಂದು ಕಲ್ಲೂ ಕದಲಿರಲಿಲ್ಲ.