ಕರ್ಚೀಫ್ ಮಾಮ

ಗಣಿತದ ಟೀಚರ್ ಬಾಗಿಲು ದಾಟಿ ಹೋದದ್ದೇ ತಡ, ಹಿಂದಿನ ಬೆಂಚಿನ ಮೂವರು ಮೂಗಿನ ಮೇಲೆ ಕರ್ಚೀಫ್ ಕಟ್ಟಿಕೊಂಡರು. ಒಬ್ಬ ಡೆಸ್ಕ್ ಬಡಿದ. ಇನ್ನಿಬ್ಬರು ಇಲ್ಲದ ಸ್ಟೀರಿಂಗ್ ತಿರುಗಿಸಿದರು.

"ಕರ್ಚೀಫ್ ಮಾಮ, ಕರ್ಚೀಫ್ ಮಾಮ,
ಯಾವ ಸ್ಟಾಪಲ್ಲಿ ಇಳಿಸಿದೆ ಮಾನ?"

ಇಡೀ ಕ್ಲಾಸು ಕಿಟಕಿ ಕಡೆ ತಿರುಗಿತು. ಅಲ್ಲಿ ಜುಟ್ಟು ಕೂತಿದ್ದಳು. ನೆತ್ತಿಯ ಮೇಲೆ ಕಾರಂಜಿ ಹಾಗೆ ಕೂದಲು ಕಟ್ಟುತ್ತಿದ್ದಳಲ್ಲ, ಅದಕ್ಕೇ ಆ ಹೆಸರು. ಅವಳು ತಲೆ ಬಗ್ಗಿಸಿ ಮುಗಿದ ಲೆಕ್ಕವನ್ನೇ ಮತ್ತೆ ಬರೆಯುತ್ತಿದ್ದಳು.

ಸೀಟಿ ನಕ್ಕಳು. ಮುಂದಿನ ಹಲ್ಲಿನ ಸಂದಿಯಿಂದ ಸೀಟಿ ಹೊಡೆಯುವ ಈ ಹುಡುಗಿಗೆ ಮನೆಯಲ್ಲೂ ಸ್ಕೂಲಲ್ಲೂ ಅದೇ ಹೆಸರು. ನಗದೆ ಏನು ಮಾಡುತ್ತಾಳೆ? ಹಾಡು ಅವಳ ಅಣ್ಣನದು. ಅದರಲ್ಲಿ 'ಕರ್ಚೀಫ್ ಮಾಮ' ಅನ್ನೋ ಎರಡು ಮಾತು ಅವಳದೇ.

"ನಿಜವಾಗ್ಲೂ ನೀನೇ ಕೊಟ್ಟಿದ್ದಾ?" ಪಕ್ಕದವಳು ಕೇಳಿದಳು.

"ಮತ್ತೆ? ಬೇಕಾದ್ರೆ ನಮ್ಮಣ್ಣನ್ನೇ ಕೇಳು."

ಊರಿನ ಬಸ್ ಡ್ರೈವರ್‌ಗಳು ಸ್ಟ್ರೈಕ್ ಮಾಡಿ ಮೂರು ವಾರ ಆಗಿತ್ತು. ಬ್ರೇಕ್ ಹಿಡಿಯದ ಬಸ್ ಕೊಡಬೇಡಿ, ಹದಿನಾಲ್ಕು ಗಂಟೆ ಓಡಿಸಬೇಡಿ, ಇಷ್ಟೇ ಅವರು ಕೇಳಿದ್ದು. ಸೀಟಿಯ ಅಪ್ಪನೂ ಡ್ರೈವರ್, ಜುಟ್ಟುವಿನ ಅಪ್ಪನೂ ಡ್ರೈವರ್. ಡಿಪೋದ ಕ್ವಾರ್ಟರ್ಸಿನಲ್ಲಿ ಎರಡು ಮನೆಗೂ ಗೋಡೆ ಒಂದೇ.

ಮೊದಲನೇ ವಾರವೇ ಜುಟ್ಟುವಿನ ಅಪ್ಪ ಸ್ಟ್ರೈಕ್ ಬಿಟ್ಟು ಬಸ್ ತೆಗೆದ. ಯಾರಿಗೂ ಗುರುತು ಸಿಗಬಾರದು ಅಂತ ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡಿದ್ದ. ಬಾಲ್ಕನಿಯಿಂದ ನೋಡಿದ ಸೀಟಿಗೆ ಅವನ ನಡಿಗೆಯೇ ಸಾಕಾಯಿತು. ಒಂದೇ ಉಸಿರಿಗೆ ಟೆರೇಸಿಗೆ ಓಡಿದಳು.

ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಅಣ್ಣನ ಬ್ಯಾಂಡು ಪ್ರಾಕ್ಟೀಸ್ ಮಾಡುತ್ತಿತ್ತು. ಇದ್ದವರು ಮೂರೇ ಜನ. ಅಣ್ಣ ಗಿಟಾರ್ ಹಿಡಿದು ಹಾಡುತ್ತಿದ್ದ. ದಪ್ಪ ತಂತಿಯ ಬೇಸ್ ಗಿಟಾರ್ ನರ್ಸಕ್ಕನದು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಅದೇ ಬಿಳಿ ಬಟ್ಟೆಯಲ್ಲಿ ಬರುತ್ತಿದ್ದಳು. ಡ್ರಮ್ಸ್ ಬಾರಿಸುವವನು ಬಾಂಡ್ಲಿ. ಚಿಕ್ಕವನಿದ್ದಾಗ ಅಮ್ಮನ ಬಾಂಡ್ಲಿಯನ್ನು ಬಡಿದು ಬಡಿದು ಕಲಿತವನು.

ಇವರ ಹಾಡನ್ನು ಯಾವ ಮ್ಯೂಸಿಕ್ ಕಂಪನಿಯೂ ಹೊರತರುತ್ತಿರಲಿಲ್ಲ. ಫೋನಲ್ಲೇ ರೆಕಾರ್ಡ್ ಮಾಡಿ ಊರಿಗೆಲ್ಲ ಕಳಿಸುತ್ತಿದ್ದರು. ಔಷಧಿ ಇಲ್ಲದ ಆಸ್ಪತ್ರೆ, ಒಂದೇ ಸೇತುವೆಗೆ ಎರಡು ಸಲ ರಿಬ್ಬನ್ ಕತ್ತರಿಸಿದ ಮಂತ್ರಿ, ಇಂಥವೇ ಹಾಡು. ಒಮ್ಮೆ ಪೊಲೀಸಿನವನೊಬ್ಬ ಮೆಟ್ಟಿಲು ಹತ್ತಿ ಬಂದು, "ಏನಪ್ಪಾ, ಪ್ರೀತಿ ಪ್ರೇಮದ ಹಾಡು ಬರಲ್ವಾ ನಿಂಗೆ?" ಅಂದಿದ್ದ. "ಕಲೀತಾ ಇದೀನಿ ಸಾರ್," ಅಂದಿದ್ದ ಅಣ್ಣ.

ಸೀಟಿ ಏದುಸಿರು ಬಿಡುತ್ತಾ ಹೇಳಿದಳು: "ಅಣ್ಣಾ, ಪಕ್ಕದ ಮನೆ ಮಾಮ ಬಸ್ ತೆಗೆದ್ರು. ಕರ್ಚೀಫ್ ಮಾಮ."

ಬಾಂಡ್ಲಿಯ ಕೈ ತಾನಾಗೇ ತಾಳ ಹಾಕಿತು. ಸಂಜೆಯೊಳಗೆ ಹಾಡು ರೆಡಿ. ಎರಡು ದಿನದಲ್ಲಿ ಹಾಲಿನ ಬೂತಿನಲ್ಲೂ ಅದೇ, ಸಲೂನಿನಲ್ಲೂ ಅದೇ. ಜುಟ್ಟುವಿನ ಅಪ್ಪ ಯಾಕೆ ಹೋದ ಅಂತ ಮಾತ್ರ ಯಾರೂ ಕೇಳಲಿಲ್ಲ.

ಆ ಶುಕ್ರವಾರ ಸೀಟಿ ಸ್ಕೂಲಿನಿಂದ ಬಂದಾಗ ಎಲ್ಲರೂ ಅಪ್ಪನ ಸುತ್ತ ನಿಂತಿದ್ದರು. ಅಪ್ಪನ ಕೈಯಲ್ಲಿ ಡಿಪೋದ ನೋಟಿಸು. ನಾಳೆ ಬೆಳಿಗ್ಗೆ ಡ್ಯೂಟಿಗೆ ಬರದವರು ಸೋಮವಾರದೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು ಅಂತ ಅದರಲ್ಲಿತ್ತು.

ಒಳಗಿನ ರೂಮಿನಲ್ಲಿ ಅಜ್ಜಿ ಮಲಗಿದ್ದಳು. ಸೊಂಟದ ಮೂಳೆಗೆ ಆಪರೇಷನ್ ಆಗಿ ಹತ್ತು ದಿನ. ಮಗ್ಗುಲು ಬದಲಿಸಬೇಕಾದರೂ ಅಮ್ಮ, ಅಣ್ಣ ಇಬ್ಬರೂ ಹಿಡಿಯಬೇಕಿತ್ತು.

ಬೆಳಿಗ್ಗೆ ಸೀಟಿಗೆ ಎಚ್ಚರವಾದಾಗ ಅಪ್ಪ ಖಾಕಿ ಹಾಕಿಕೊಂಡು ಶೂ ಲೇಸು ಕಟ್ಟುತ್ತಿದ್ದ. ಅಮ್ಮ ಮಡಿಸಿದ ಕರ್ಚೀಫ್ ಮುಂದೆ ಹಿಡಿದಳು.

"ಬೇಡ ಕಣೇ. ಉಸಿರು ಕಟ್ಟುತ್ತೆ," ಅಂದ ಅಪ್ಪ.

ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದ. "ಇನ್ನೊಂದೇ ವಾರ ಅಪ್ಪಾ. ಅವರು ಸುಮ್ನೆ ಹೆದರಿಸ್ತಿದಾರೆ."

"ಹೌದು. ಹೆದರಿದೀನಿ."

"ನಾಳೆ ಡಿಪೋ ಮುಂದೆ ನಮ್ಮ ಪ್ರೋಗ್ರಾಂ ಇದೆ. ಜನ ಆ ಹಾಡು ಕೇಳ್ತಾರೆ. ನಾನೇನು ಮಾಡ್ಲಿ?"

"ಪಕ್ಕದ ಮನೆಯವನು ಬಸ್ ತೆಗೆದಾಗ ಏನು ಮಾಡ್ದೆ?"

ಅಣ್ಣ ಬಾಗಿಲ ಚಿಲಕ ಹಿಡಿದುಕೊಂಡ.

"ಅವನಿಗೆ ನೋಟಿಸು ಮೊದಲನೇ ವಾರವೇ ಬಂದಿತ್ತು," ಅಂದ ಅಪ್ಪ. ಮಗನ ಭುಜವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೆಟ್ಟಿಲಿಳಿದು ಹೋದ.

ಸೀಟಿ ಅಣ್ಣನ ಅಂಗಿ ಹಿಡಿದಳು. "ನಾಳೆ ಅದನ್ನ ಹಾಡಬೇಡ."

"ನೀನು ಸುಮ್ನಿರು."

"ಕರ್ಚೀಫ್ ಮಾಮ ನನ್ನ ಲೈನು. ವಾಪಸ್ ಕೊಡು."

ಅಣ್ಣ ನಗುತ್ತಾನೆ ಅಂದುಕೊಂಡಳು. ಅವನು ನಗಲಿಲ್ಲ. "ಅದು ಈಗ ನನ್ನ ಹತ್ರ ಎಲ್ಲಿದೆ ಹೇಳು," ಅಂದ.

ಆಮೇಲೆ ಅವಳೇ ಒಂದು ಸಮಾಧಾನ ಹುಡುಕಿಕೊಂಡಳು. ಅಪ್ಪ ಕರ್ಚೀಫ್ ಕಟ್ಟಿಲ್ಲ. ಹಾಗಾದರೆ ಹಾಡು ಅಪ್ಪನದಲ್ಲ. ಇದನ್ನೇ ದಿನವಿಡೀ ಮನಸ್ಸಿನಲ್ಲಿ ಹೇಳಿಕೊಂಡಳು.

ಭಾನುವಾರ ಮಧ್ಯಾಹ್ನ ಡಿಪೋ ಗೇಟಿನ ಎದುರು ಕಾಲಿಡಲು ಜಾಗವಿರಲಿಲ್ಲ. ಲಾರಿಯ ಹಿಂದಿನ ಹಲಗೆ ಇಳಿಸಿ ಅದನ್ನೇ ಸ್ಟೇಜ್ ಮಾಡಿದ್ದರು. ಸೀಟಿ ಲಾರಿಯ ಚಕ್ರದ ಪಕ್ಕ ನಿಂತಳು. ಅಣ್ಣ ಆಸ್ಪತ್ರೆಯ ಹಾಡು ಹಾಡಿದ, ಸೇತುವೆಯ ಹಾಡು ಹಾಡಿದ. ಪ್ರತಿ ಹಾಡು ಮುಗಿದಾಗಲೂ ಜನ ಕೂಗುತ್ತಿದ್ದರು, "ಕರ್ಚೀಫ್, ಕರ್ಚೀಫ್."

ಅಣ್ಣ ಕೇಳದವನ ಹಾಗೆ ಗಿಟಾರಿನ ತಂತಿ ಬಿಗಿಮಾಡುತ್ತಿದ್ದ.

"ಏನಪ್ಪಾ," ಅಂದ ಮುಂದೆ ನಿಂತಿದ್ದ ಹಳೇ ಡ್ರೈವರ್ ಒಬ್ಬ, "ಅಪ್ಪನಿಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯವಾ?"

ನರ್ಸಕ್ಕ ಅಣ್ಣನ ಕಡೆ ನೋಡಿದಳು. ಬಾಂಡ್ಲಿ ಕೋಲು ಕೆಳಗಿಟ್ಟ.

ಅಷ್ಟರಲ್ಲಿ ಗೇಟು ತೆರೆಯಿತು. ಮುಂದೆ ಪೊಲೀಸ್ ಜೀಪು, ಹಿಂದೆ ಒಂದು ಬಸ್ಸು. ಗಾಜಿಗೆಲ್ಲ ತಂತಿ ಬಲೆ ಹೊಡೆದಿದ್ದರು. ಸ್ಟೀರಿಂಗ್ ಹಿಡಿದವನ ಮುಖದ ಮೇಲೆ ಏನೂ ಇರಲಿಲ್ಲ. ಅವನು ಯಾರು ಅಂತ ಎಲ್ಲರಿಗೂ ಗೊತ್ತಾಯಿತು.

ಹಾಡನ್ನು ಯಾರು ಶುರುಮಾಡಿದರೋ ತಿಳಿಯಲಿಲ್ಲ. ಒಂದು ಮೂಲೆಯಿಂದ ಎದ್ದು ಇಡೀ ರಸ್ತೆಗೆ ಹಬ್ಬಿತು. ಸಾವಿರ ಕೈ ಚಪ್ಪಾಳೆ ತಟ್ಟಿದವು. ಅಪ್ಪ ರಸ್ತೆಯೊಂದನ್ನೇ ನೋಡುತ್ತಿದ್ದ.

ಅಣ್ಣ ಗಿಟಾರಿನ ವೈರು ಕಿತ್ತ. ಸ್ಪೀಕರ್ ಒಮ್ಮೆ ಗೊರ್ ಅಂದು ಸುಮ್ಮನಾಯಿತು. ಜನ ಸುಮ್ಮನಾಗಲಿಲ್ಲ. ಅವರಿಗೆ ಗಿಟಾರೂ ಬೇಕಿರಲಿಲ್ಲ, ಅಣ್ಣನೂ ಬೇಕಿರಲಿಲ್ಲ. ಬಸ್ಸು ತಿರುವು ದಾಟುವವರೆಗೂ ಹಾಡು ಅದರ ಹಿಂದೆಯೇ ಹೋಯಿತು.

ಅಪ್ಪ ಕರ್ಚೀಫ್ ಕಟ್ಟಿಲ್ಲ ಅಂತ ಸೀಟಿ ಯಾರಿಗೆ ಹೇಳಬೇಕು?

ಸೋಮವಾರ ಕ್ಲಾಸಿಗೆ ಕಾಲಿಟ್ಟಾಗ ಹಿಂದಿನ ಬೆಂಚಿನವರು ಅವಳಿಗಾಗಿಯೇ ಕಾಯುತ್ತಿದ್ದರು. ಈ ಸಲ ಮೂರಲ್ಲ, ಎಂಟು ಕರ್ಚೀಫು. ಪಕ್ಕದವಳು ಬ್ಯಾಗ್ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು.

"ಲೈನ್ ನಿಂದೇ ಅಲ್ವೇನೇ," ಅಂದಳು ಹೋಗುತ್ತಾ.

ಊಟದ ಬೆಲ್ಲಿಗೆ ಸೀಟಿ ಡಬ್ಬಿ ಹಿಡಿದು ಎದ್ದಳು. ಬಾಗಿಲ ಬಳಿ ಜುಟ್ಟು ನಿಂತಿದ್ದಳು. ಎರಡು ವಾರದಿಂದ ಅವರಿಬ್ಬರ ನಡುವೆ ಮಾತಿಲ್ಲ.

"ನಲ್ಲಿ ಹತ್ರ ಹೋಗ್ಬೇಡ," ಅಂದಳು ಜುಟ್ಟು. ದನಿಯಲ್ಲಿ ಸಿಟ್ಟೂ ಇಲ್ಲ, ಸ್ನೇಹವೂ ಇಲ್ಲ. "ಅಲ್ಲಿ ಏಳನೇ ಕ್ಲಾಸಿನವರು ಇರ್ತಾರೆ. ಲೈಬ್ರರಿ ಮೆಟ್ಟಿಲ ಕೆಳಗೆ ಜಾಗ ಇದೆ. ಒಬ್ಬರು ಕೂರಬಹುದು."

"ನೀನು?"

"ನಾನು ಇವತ್ತು ಗ್ರೌಂಡಿಗೆ ಹೋಗ್ತೀನಿ. ಇವತ್ತು ಅವರು ನನ್ನ ನೋಡಲ್ಲ."

ಅಷ್ಟು ಹೇಳಿ ಹೊರಟುಹೋದಳು.

ಲೈಬ್ರರಿ ಮೆಟ್ಟಿಲ ಕೆಳಗೆ ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಅವುಗಳ ಹಿಂದೆ ಒಂದು ಹಳೇ ನ್ಯೂಸ್‌ಪೇಪರ್ ಹಾಸಿತ್ತು. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಲ್ಲು. ನಡುವೆ, ಕೂತು ಕೂತು, ಪೇಪರ್ ಸವೆದು ಹರಿದಿತ್ತು.

ಗ್ರೌಂಡಿನಲ್ಲಿ ಯಾರೋ ಹಾಡು ಎತ್ತಿದರು. ಇಲ್ಲಿಗೂ ಕೇಳಿಸುತ್ತಿತ್ತು, ಒಂದೊಂದು ಮಾತೂ ಬಿಡಿಬಿಡಿಯಾಗಿ.

ಸೀಟಿ ಹರಿದ ಜಾಗ ಬಿಟ್ಟು ಪಕ್ಕಕ್ಕೆ ಕೂರಲು ನೋಡಿದಳು. ತಲೆಗೆ ಮೆಟ್ಟಿಲು ತಗಲಿತು. ಅತ್ತ ಸರಿದಳು, ಕುರ್ಚಿಯ ಕಾಲು ಚುಚ್ಚಿತು. ಕೊನೆಗೆ ಜುಟ್ಟು ಕೂತಿದ್ದ ಜಾಗದಲ್ಲೇ ಕೂತು, ಡಬ್ಬಿಯ ಮುಚ್ಚಳ ತೆಗೆಯದೆ, ಹಾಡು ಮುಗಿಯುವವರೆಗೂ ಕೇಳಿದಳು.