ಕಿತ್ತಳೆ ಜಾಕೆಟ್ಟಿನ ಬಾಡಿಗೆ

"ಆ ರೆಸಾರ್ಟ್ ಮಾತ್ರ ಬೇಡ!"

ಬೆನ್ನ ಹಿಂದಿನಿಂದ ಬಂದ ಗಂಡಸಿನ ದನಿಗೆ ಅನಘಾ ಬೆಚ್ಚಿಬಿದ್ದಳು. ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ಜಾರಿತು. ನೆಲಕ್ಕೆ ಬೀಳುವ ಮೊದಲೇ ಎರಡು ಕೈಗಳು ಅದನ್ನು ಹಿಡಿದುಕೊಂಡವು. ಲ್ಯಾಪ್‌ಟಾಪಿನ ಜೊತೆಗೆ ಅವಳ ಕೈಯೂ ಆ ಕೈಗಳೊಳಗೆ ಸಿಕ್ಕಿಕೊಂಡಿತ್ತು!

ತಲೆ ಎತ್ತಿ ನೋಡಿದಳು. ಬಿಸಿಲಲ್ಲಿ ಕೆಲಸ ಮಾಡಿ ಕಪ್ಪಗಾದ ಎತ್ತರದ ಹುಡುಗ. ಕಣ್ಣು ಮಾತ್ರ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಪಿಳಿಪಿಳಿ.

"ಕೈ ಬಿಡ್ತೀರಾ?"

"ಓ... ಸಾರಿ, ಸಾರಿ! ಲ್ಯಾಪ್‌ಟಾಪ್ ಹಿಡಿಯೋಕೆ ಹೋಗಿ..."

"ಯಾರು ನೀವು? ನಾನು ಯಾವ ರೆಸಾರ್ಟ್ ನೋಡಿದ್ರೆ ನಿಮಗೇನು?"

ಅಡುಗೆಮನೆಯಿಂದ ಅರುಂಧತಿ ಆಂಟಿ ಸೌಟು ಹಿಡಿದೇ ಓಡಿಬಂದರು. "ಅವನೇ ಕಣೇ ಅವಿನ್! ಅಂಕಲ್ ಜೊತೆ ಬ್ಯಾಡ್ಮಿಂಟನ್ ಆಡ್ತಾನಲ್ಲ, ಉಡುಪಿ ಹುಡುಗ. ಫಿನ್‌ಲ್ಯಾಂಡಿಗೆ ನಮ್ಮ ಜೊತೆ ಬರ್ತಾನೆ ಅಂದಿದ್ನಲ್ಲ."

ಮೈಸೂರಿನ ಅನಘಾ ಕೆಲಸಕ್ಕೆಂದು ಈ ಸೆಖೆಯ ದೇಶಕ್ಕೆ ಬಂದು ಸೆರಂಗೂನಿನ ಈ ಫ್ಲ್ಯಾಟಿನಲ್ಲಿ ಒಂದು ರೂಮ್ ಬಾಡಿಗೆ ಹಿಡಿದಿದ್ದಳು. ಆಂಟಿಗೂ ರಘುನಾಥ್ ಅಂಕಲ್‌ಗೂ ಮದುವೆಯಾಗಿ ಈ ಡಿಸೆಂಬರಿಗೆ ಇಪ್ಪತ್ತೈದು ವರ್ಷ. ಹಿಮ ನೋಡಬೇಕು, ಸ್ಕೀ ಮಾಡಬೇಕು ಅಂತ ಆಂಟಿ ಹಠ ಹಿಡಿದಿದ್ದರು. ಪ್ರೆಶರ್ ಕುಕ್ಕರ್ ಕೊಳ್ಳುವಾಗಲೂ ಎಲ್ಲ ರಿವ್ಯೂ ಓದುವವಳು ಅಂತ ರೆಸಾರ್ಟ್ ಆರಿಸುವ ಕೆಲಸ ಅನಘಾಳ ತಲೆಗೆ ಬಿದ್ದಿತ್ತು. ಇನ್ನು ಅವಿನ್‌ನನ್ನು ಜೊತೆಗೆ ಯಾಕೆ ಕರೆದರು ಅಂತೀರಾ? ಆಂಟಿಯ ಕಳ್ಳನಗು ನೋಡಿದ್ದರೆ ನಿಮಗೂ ಗೊತ್ತಾಗುತ್ತಿತ್ತು.

"ಅದು ಫೇಮಸ್ ರೆಸಾರ್ಟ್," ಅನಘಾ ಬಿಡಲಿಲ್ಲ. "ಯಾಕೆ ಬೇಡ?"

"ಅಲ್ಲಿ ಹೊಸಬರು ಕಲಿಯೋ ಇಳಿಜಾರು ಹೋಟೆಲಿಂದ ದೂರ. ಚಳೀಲಿ ಬಸ್ಸಿಗೆ ಕಾಯ್ಬೇಕು. ಅಂಕಲ್‌ಗೆ ಮಂಡಿನೋವು ಬೇರೆ." ಅವನ ಮುಖ ಇದ್ದಕ್ಕಿದ್ದ ಹಾಗೆ ಬೆಳಗಿತು. "ಪಿಕ್ಕುವಾರ ಅಂತ ಚಿಕ್ಕದೊಂದಿದೆ. ಬಾಗಿಲು ತೆಗೆದ್ರೆ ಇಳಿಜಾರು! ತಂತಿಯಲ್ಲಿ ತೂಗೋ ಲಿಫ್ಟಲ್ಲಿ ಮೇಲೆ ಹೋದ್ರೆ ಹೆಪ್ಪುಗಟ್ಟಿದ ಕೆರೆ ಕಾಣುತ್ತೆ. ಕೆಳಗೆ ಒಬ್ಬರು ಅಜ್ಜಿ ಅಂಗಡಿ ಇದೆ, ಏಲಕ್ಕಿ ಹಾಕಿದ ಬನ್ ಕೊಡ್ತಾರೆ. ಬೆಳಿಗ್ಗೆ ಬೇಗ ಹೋಗ್ಬೇಕು, ಲೇಟಾದ್ರೆ ಖಾಲಿ."

"ಓ, ನೀವು ಹೋಗಿ ಬಂದಿದ್ದೀರಾ?"

"ನಾನಾ? ಇಲ್ಲ ಮಾರಾಯ್ರೆ... ನಾನು ಹಿಮಾನೇ ನೋಡಿಲ್ಲ."

ಹಾಗೆನ್ನುತ್ತಲೇ ಅವನು ಕಣ್ಣು ತಪ್ಪಿಸಿದ. ಕಿವಿ ಕೆಂಪಾಯಿತು.

'ಹೋಗಿಲ್ಲವಂತೆ. ಅಜ್ಜಿ ಬನ್ನು ಖಾಲಿಯಾಗೋ ಹೊತ್ತು ಮಾತ್ರ ಗೊತ್ತಂತೆ!'

ಅನಘಾಳ ಎದೆಯಲ್ಲಿ ಏನೋ ಚುಚ್ಚಿತು. ಅವಳನ್ನು ತಪ್ಪು ತಿಳಿಯಬೇಡಿ. ಹಿಂದೆ ಅಜಯ್ ಎಂಬವನ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. ಆಫೀಸ್ ಟ್ರಿಪ್ ಅಂತ ಹೇಳಿ ಹೋದವನು ಇನ್ನೊಬ್ಬಳ ಜೊತೆ ನಿಂತ ಫೋಟೋ ಸಿಕ್ಕಿತ್ತು. ಕೇಳಿದಾಗ ನಿಂತ ನಿಲುವಿನಲ್ಲೇ ಚಂದದ ಕಥೆ ಕಟ್ಟಿದ. ಇವಳು ನಂಬಿದಳು. ಆಮೇಲೆ ಎರಡನೇ ಫೋಟೋ ಸಿಕ್ಕಿತು. ಅವತ್ತಿನಿಂದ ಗಂಡಸು ಕಣ್ಣು ತಪ್ಪಿಸಿದರೆ ಸಾಕು, ಅವಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ಆದರೂ ಮನಸ್ಸು ಕೇಳಬೇಕಲ್ಲ!

ಅವಿನ್ ಟುವಾಸ್ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವ ಇಂಜಿನಿಯರ್. ಶಿಫ್ಟ್ ಮುಗಿಸಿ ಬಸ್ ಹತ್ತಿದೊಡನೆ ಅವಳಿಗೆ ಫೋನ್. ರೆಸಾರ್ಟಿನ ಮಾತಿನಿಂದ ಶುರುವಾಗಿ ಅವನಮ್ಮ ಕೊಟ್ಟುಕಳಿಸುವ ಉಪ್ಪಿನಕಾಯಿಗೆ, ಅವಳ ಮ್ಯಾನೇಜರಿನ ಸಿಡುಕಿಗೆ ಹೋಗಿ ನಿಲ್ಲುತ್ತಿತ್ತು. ಅವನ ಫೋನ್ ಬರದ ದಿನ ಊಟ ಸಪ್ಪೆ ಅನ್ನಿಸುವಷ್ಟರ ಮಟ್ಟಿಗೆ ಬಂದುಬಿಟ್ಟಿದ್ದಳು.

ಆದರೆ ನಡುನಡುವೆ ಅದೇ...

"ಪಿಕ್ಕುವಾರದ ಲಿಫ್ಟಲ್ಲಿ ಮರದ ಬೆಂಚು. ಇಬ್ಬರೇ ಕೂರಬಹುದು. ನಡುವೆ ಒಂದು ಕಡೆ ಗಡಗಡ ಅಂತ ಅಲ್ಲಾಡುತ್ತೆ, ಹೆದರ್ಬಾರ್ದು."

"ಹೋಗದೇ ಇರೋರಿಗೆ ಇದೆಲ್ಲ ಹೇಗೆ ಗೊತ್ತು?"

"ಹೀಗೇ... ಯಾರೋ ಹೇಳಿದ್ದು."

ಯಾರೋ! ಆ ಯಾರೋ ಹೆಂಗಸಾ?

ಒಂದು ಭಾನುವಾರ ಅವಿನ್ ದೊಡ್ಡ ಚೀಲ ಹೊತ್ತು ಬಂದ. ಒಳಗೆ ದಪ್ಪ ಕಿತ್ತಳೆ ಬಣ್ಣದ ಜಾಕೆಟ್. ಎಡತೋಳು ಹರಿದಲ್ಲಿ ಕಪ್ಪು ತೇಪೆ.

"ನಂದೇ. ನೀವು ಏಸಿಗೇ ನಡುಗ್ತೀರ. ಇದು ನೀವಿಟ್ಕೊಳ್ಳಿ, ನಾನು ಬೇರೆ ತಗೋತೀನಿ."

ಅವನು ಹೋದ ಮೇಲೆ ಅನಘಾ ಕನ್ನಡಿ ಮುಂದೆ ನಿಂತು ಅದನ್ನು ಹಾಕಿಕೊಂಡಳು. ನುಸಿಗುಳಿಗೆಯ ವಾಸನೆ. ತೋಳು ಉದ್ದ. ಆದರೂ ಎಷ್ಟು ಬೆಚ್ಚಗಿತ್ತು! ತನ್ನಷ್ಟಕ್ಕೆ ನಗುತ್ತಾ ಒಳಜೇಬಿಗೆ ಕೈ ಹಾಕಿದಳು.

ಒಂದು ಫೋಟೋ ಸಿಕ್ಕಿತು.

ಹಿಂದೆ ಬೆಳ್ಳಗೆ ಹಿಮ. ಹೆಲ್ಮೆಟ್ಟು, ದೊಡ್ಡ ಕಪ್ಪು ಕನ್ನಡಕ ಹಾಕಿ ಮುಖವೇ ಕಾಣದ ಒಬ್ಬ ಗಂಡಸು. ಮೈಮೇಲೆ ಇದೇ ಕಿತ್ತಳೆ ಜಾಕೆಟ್, ಎಡತೋಳಿಗೆ ಇದೇ ಕಪ್ಪು ತೇಪೆ. ಅವನ ಎದೆಗೊರಗಿದ ಹೆಂಗಸು, ಹೆಲ್ಮೆಟ್ಟಿನಿಂದ ಇಳಿಬಿದ್ದ ಅವಳ ಉದ್ದ ಜಡೆ. ಕೆಳಗೆ ಅಚ್ಚು ಹಾಕಿದ ಹೆಸರು: ಪಿಕ್ಕುವಾರ.

ಅನಘಾ ಜಾಕೆಟ್ ಕಳಚಿ ಮಂಚದ ಮೇಲೆ ಎಸೆದಳು.

'ಹಿಮಾನೇ ನೋಡಿಲ್ಲ ಅಂದ್ಯಲ್ಲೋ... ಅವಳನ್ನ ಕೂರಿಸಿಕೊಂಡ ಬೆಂಚಿನ ಮೇಲೇ ನನ್ನನ್ನೂ ಕೂರಿಸಬೇಕಾ ನಿಂಗೆ?'

ಪಕ್ಕದ ಕೋಣೆಯಲ್ಲೇ ಆಂಟಿ ಇದ್ದರು. ಹೋಗಿ ಆ ಫೋಟೋ ತೋರಿಸಿದ್ದರೆ ಈ ಕಥೆ ಅಲ್ಲಿಗೇ ಮುಗಿದು, ನೀವೂ ಹಾಯಾಗಿ ಊಟಕ್ಕೆ ಏಳಬಹುದಿತ್ತು. ನಮ್ಮ ಹುಡುಗಿ ತೋರಿಸಲಿಲ್ಲ. ಎರಡನೇ ಸಲ ಮೋಸಹೋದೆ ಅಂತ ಯಾವ ಬಾಯಲ್ಲಿ ಹೇಳುವುದು?

ಬುಕ್ ಮಾಡಬೇಕಾದ ದಿನ ಬಂತು. ಇಬ್ಬರೂ ತಿಂಡಿ ಅಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ ಕೂತಿದ್ದರು. ಅವಿನ್ ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದ, ಸುಮ್ಮಸುಮ್ಮನೆ ನಗುತ್ತಿದ್ದ.

"ಪಿಕ್ಕುವಾರಾನೇ ಬುಕ್ ಮಾಡೋಣ ಅಲ್ವಾ? ಆಮೇಲೆ ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು..."

"ಮೊದಲು ನಾನು ಕೇಳ್ತೀನಿ. ಪಿಕ್ಕುವಾರಕ್ಕೆ ನೀವು ಯಾರ ಜೊತೆ ಹೋಗಿದ್ರಿ?"

"ಹೋಗಿಲ್ಲ ಅಂದ್ನಲ್ಲ?"

"ಸುಳ್ಳು!"

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಅವನ ನಗು ನಿಂತಿತು. "ಅನಘಾ, ಏನಾಯ್ತು? ಹೇಳಿ..."

ಫೋಟೋ ಬ್ಯಾಗಿನಲ್ಲೇ ಇತ್ತು. ತೋರಿಸಿದರೆ ಇವನೂ ಒಂದು ಕಥೆ ಕಟ್ಟುತ್ತಾನೆ, ತಾನು ಮತ್ತೆ ನಂಬುತ್ತೇನೆ. ಆ ಭಯಕ್ಕೆ ಅವಳು ಬ್ಯಾಗಿನ ಜಿಪ್ ಬಿಚ್ಚಲೇ ಇಲ್ಲ.

"ನಾನು ಬರಲ್ಲ. ಸುಳ್ಳು ಹೇಳೋರ ಜೊತೆ ನನಗೆ ಯಾವ ಹಿಮಾನೂ ಬೇಡ. ಇನ್ಮೇಲೆ ಫೋನ್ ಮಾಡ್ಬೇಡಿ."

ಅಳು ಬರುವ ಮೊದಲೇ ಎದ್ದು ನಡೆದಳು. ಅವಿನ್ ಬಹಳ ಹೊತ್ತು ಅಲ್ಲೇ ಕೂತಿದ್ದ. ಈ ಊರಿನವರು ಕೋಪಿ ಅನ್ನುವ ಕಾಫಿ ಎರಡೂ ಲೋಟಗಳಲ್ಲಿ ತಣ್ಣಗಾಯಿತು.

ಆಮೇಲೆ ಫೋನ್ ಬರಲಿಲ್ಲ. ಬೇಡ ಅಂದವಳೇ ಹತ್ತು ಸಲ ಮೊಬೈಲ್ ನೋಡಿದಳು. ಎಂಥ ಹುಚ್ಚು ನೋಡಿ!

ವಾರ ಕಳೆದಿರಬೇಕು, ಕಾಲಿಂಗ್ ಬೆಲ್ ಆಯಿತು. ಬಾಗಿಲಲ್ಲಿ ಗಂಡ ಹೆಂಡತಿ. "ಓ, ಮೋಹಿನಿ! ಶ್ರೀಕಂಠ! ಬನ್ನಿ ಬನ್ನಿ," ಎಂದರು ಆಂಟಿ. ಕನ್ನಡ ಸಂಘದ ಹಬ್ಬಗಳಲ್ಲಿ ಸಿಗುವ ಪರಿಚಯವಂತೆ.

"ಇಲ್ಲ ಆಂಟಿ, ಕೂರಲ್ಲ. ಅವಿನ್ ಜಾಕೆಟ್ ಇಲ್ಲಿದೆಯಂತಲ್ಲ, ತಗೊಂಡು ಹೋಗೋಕೆ ಬಂದ್ವಿ," ಎಂದಳು ಮೋಹಿನಿ.

ಅವಳು ಚಪ್ಪಲಿ ಬಿಡಲು ಬಗ್ಗಿದಾಗ ಉದ್ದ ಜಡೆ ಹೆಗಲಿನಿಂದ ಮುಂದಕ್ಕೆ ಜಾರಿತು.

ಅನಘಾ ಅದನ್ನೇ ನೋಡಿದಳು. ಆ ಜಡೆ...

"ಅವಿನ್ ಜಾಕೆಟ್... ನಿಮಗ್ಯಾಕೆ?"

"ಅಯ್ಯೋ, ಅದು ಅವಿನ್ ಮೈಮೇಲೆ ಇದ್ದಿದ್ದಕ್ಕಿಂತ ನಮ್ಮೆಲ್ಲರ ಮೈಮೇಲೆ ಇದ್ದಿದ್ದೇ ಜಾಸ್ತಿ!" ಶ್ರೀಕಂಠ ನಕ್ಕ. "ಈ ಊರಲ್ಲಿ ಅಷ್ಟು ದಪ್ಪದ್ದು ಯಾರು ಕೊಳ್ತಾರೆ ಹೇಳಿ? ಚಳಿ ದೇಶಕ್ಕೆ ಯಾರು ಹೊರಟ್ರೂ ಅವನದ್ದೇ. ಬಂದರಲ್ಲಿ ನಮ್ಮ ಜೊತೆ ಕೆಲಸ ಮಾಡೋ ಸೇತುರಾಮ ಜಪಾನಿಗೆ ಒಯ್ದ. ಹೋದ ವರ್ಷ ನಾವು ಫಿನ್‌ಲ್ಯಾಂಡಿಗೆ, ಪಿಕ್ಕುವಾರಕ್ಕೆ."

ಅನಘಾ ಒಳಗೆ ಹೋಗಿ ಫೋಟೋ ತಂದಳು.

"ಏ! ಇದು ನಾನು!" ಶ್ರೀಕಂಠ ಕೂಗಿದ. "ಇದನ್ನ ಕಳೆದೆ ಅಂತ ಇವಳ ಕೈಲಿ ಎಷ್ಟು ಬೈಸ್ಕೊಂಡಿದ್ದೀನಿ!"

ಆಂಟಿ ಬಗ್ಗಿ ನೋಡಿದರು. "ಮೋಹಿನಿ ಜಡೆ ಎಲ್ಲಿದ್ರೂ ನಾನು ಗುರುತು ಹಿಡೀತೀನಿ. ಇದಕ್ಕಾ ನೀನು ಟ್ರಿಪ್ ಬೇಡ ಅಂದಿದ್ದು? ನನ್ನನ್ನ ಒಂದು ಮಾತು ಕೇಳೋದಲ್ವೇನೇ!"

"ಅವರಿಗೆ ಅಲ್ಲಿಯ ಬನ್ನು, ಬೆಂಚು, ಎಲ್ಲಾ ಗೊತ್ತಿತ್ತು..." ಎಂದಳು ಅನಘಾ.

"ಅದು ಬಾಡಿಗೆ," ಎಂದಳು ಮೋಹಿನಿ ಮೆಲ್ಲಗೆ. "ಜಾಕೆಟ್ ವಾಪಸ್ ಕೊಡುವಾಗ ಅವನಿಗೆ ಒಂದು ಕೋಪಿ ಕುಡಿಸಿ, ನೋಡಿದ್ದನ್ನೆಲ್ಲ ಕೂತು ಹೇಳ್ಬೇಕು. ಅಷ್ಟೇ ಅವನು ಕೇಳೋದು. ಅದು ಯಾವ ಬಣ್ಣ, ಇದು ಯಾವ ವಾಸನೆ ಅಂತ ಒಂದೂ ಬಿಡಲ್ಲ. ಜಾಕೆಟ್ ತಗೊಂಡಿದ್ದು ಅವನೇ ಹೋಗೋಕೆ. ಆದ್ರೆ ಡಿಸೆಂಬರಲ್ಲಿ ಸ್ಕೂಲ್ ರಜಾ, ಲೀವ್ ಎಲ್ಲ ಮಕ್ಕಳಿರೋರಿಗೇ ಬೇಕು. ಬ್ಯಾಚುಲರ್ ಅಂತ ಪ್ರತಿ ವರ್ಷ ಅವನೇ ನಮ್ಮ ಡ್ಯೂಟಿನೂ ಮಾಡ್ತಾನೆ. ಈ ವರ್ಷ ಮೊದಲ ಸಲ 'ಇಲ್ಲ, ನಂಗೆ ಬೇಕು' ಅಂದ. ನಮಗೆಲ್ಲ ಎಷ್ಟು ಖುಷಿ ಆಗಿತ್ತು ಗೊತ್ತಾ... ಮೊನ್ನೆ ಫೋನ್ ಮಾಡಿ, ಲೀವ್ ನೀವೇ ತಗೊಳ್ಳಿ, ಜಾಕೆಟ್ಟೂ ತಗೊಳ್ಳಿ ಅಂದ."

ಅನಘಾಳ ಕಣ್ಣೀರು ತಡೆಯಲಾಗಲಿಲ್ಲ. ಆ ಮನುಷ್ಯ ಹೇಳಿದ್ದು ಒಂದೊಂದೂ ನಿಜ. ಅವನನ್ನು ಜನರೆದುರು ಸುಳ್ಳುಗಾರ ಅಂದಿದ್ದಳು.

"ಆ ಲೀವ್... ವಾಪಸ್ ಕೊಡ್ತೀರಾ? ಪ್ಲೀಸ್..."

ಮೋಹಿನಿ ಅವಳ ಮುಖವನ್ನೇ ನೋಡಿದಳು. "ಓಹೋ! ಬಸ್ಸಲ್ಲಿ ಕೂತು ಅವನು ದಿನಾ ಫೋನ್ ಮಾಡ್ತಿದ್ದ ಅನಘಾ ನೀವೇನಾ? ನಾವಿನ್ನೂ ಏನೂ ಬುಕ್ ಮಾಡಿಲ್ಲ. ಲೀವ್ ಅವನದ್ದೇ, ಜಾಕೆಟ್ ನಿಮ್ಮದೇ. ಹೊರಡಿ ಮೊದಲು!"

ಟುವಾಸಿನ ಬಸ್ ಸ್ಟಾಪಿನಲ್ಲಿ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಶಿಫ್ಟ್ ಮುಗಿಸಿ ಬರುವವರೆಲ್ಲ ಒಬ್ಬ ಹುಡುಗಿಯನ್ನು ನೋಡಿ ನೋಡಿ ಹೋಗುತ್ತಿದ್ದರು. ಕಿತ್ತಳೆ ಜಾಕೆಟ್, ಕುತ್ತಿಗೆಯವರೆಗೂ ಜಿಪ್. ಹಣೆಯಿಂದ ಬೆವರು ಧಾರಾಕಾರ.

"ಗರ್ಲ್, ನಾಟ್ ಹಾಟ್ ಮೆಹ್?" ಸೆಖೆ ಆಗ್ತಿಲ್ವಾ ಅಂತ ಕೇಳಿಯೇಬಿಟ್ಟರು ಒಬ್ಬ ಚೀನೀ ಅಂಕಲ್.

ಅವಿನ್ ಬಂದವನು ಅಲ್ಲೇ ನಿಂತುಬಿಟ್ಟ.

"ಅನಘಾ?! ಇದೆಂಥದು ಮಾರಾಯ್ರೆ! ತಲೆ ಸುತ್ತಿ ಬೀಳ್ತೀರ, ತೆಗೀರಿ ಮೊದಲು!"

"ತೆಗೆಯಲ್ಲ. ಬಾಡಿಗೆ ಕೊಟ್ಟೇ ತೆಗೆಯೋದು."

"ಯಾರು ಹೇಳಿದ್ರು?"

"ಮೋಹಿನಿ. ಕೇಳಿ ಈಗ. ಜಾಕೆಟ್ ಹಾಕ್ಕೊಂಡು ಟುವಾಸ್‌ಗೆ ಹೋಗಿದ್ದೆ. ಎಂಆರ್‌ಟಿ ರೈಲಲ್ಲಿ ಎಲ್ಲರೂ ನಕ್ಕರು. ತುಂಬಾ ಸೆಖೆ. ದಾರಿಯುದ್ದಕ್ಕೂ ಅಳು ಬರ್ತಿತ್ತು. ಬೇರೆಯವರು ನೋಡಿದ ಹಿಮಾನ ಕೇಳ್ಕೊಂಡೇ ಖುಷಿ ಪಡೋ ಒಬ್ಬ ಮನುಷ್ಯನಿಗೆ ನಾನು ಸುಳ್ಳು ಅಂದುಬಿಟ್ಟಿದ್ದೆ." ಅವಳು ಫೋಟೋ ಚಾಚಿದಳು. "ಇದು ಜೇಬಲ್ಲಿತ್ತು. ನೀವೇ ಅಂದ್ಕೊಂಡೆ."

ಅವಿನ್ ನೋಡಿದ. ನಗು ಬಂದಿತು, ಬಂದ ಹಾಗೇ ಹೋಯಿತು.

"ಅವತ್ತೇ ತೋರಿಸಬಹುದಿತ್ತಲ್ಲ. ತುಂಬಾ ನೋವಾಯ್ತು, ಅನಘಾ."

"ಗೊತ್ತು. ಹಿಂದೆ ಒಂದು ಸಲ ತೋರಿಸಿ ಮೋಸಹೋಗಿದ್ದೆ. ಆ ಭಯಾನ ನಿಮ್ಮ ಮೇಲೆ ಹಾಕಿದೆ. ನಂದೇ ತಪ್ಪು... ಆದ್ರೆ ನೀವಾದ್ರೂ ಯಾಕೆ ಹೇಳಲಿಲ್ಲ?"

"ನಾಚಿಕೆ." ಅವನು ನೆಲ ನೋಡಿದ. "ಜಾಕೆಟ್ ದೇಶ ದೇಶ ಸುತ್ತಿದೆ, ನಾನು ಮಾತ್ರ ಈ ಕ್ರೇನುಗಳ ಕೆಳಗೇ ಇದ್ದೀನಿ ಅಂತ ಇಷ್ಟಪಟ್ಟ ಹುಡುಗಿ ಎದುರು ಹೇಳೋದಾ?"

ಇಷ್ಟಪಟ್ಟ ಹುಡುಗಿ! ಆ ಬಿಸಿಲಲ್ಲೂ ರೋಮಾಂಚನ!

"ಅವತ್ತು ಒಂದು ಮಾತು ಕೇಳ್ಬೇಕು ಅಂದಿದ್ರಲ್ಲ... ಈಗ ಕೇಳಿ."

ಅವಿನ್ ಅವಳ ಹತ್ತಿರ ಬಂದ. ಜಾಕೆಟ್ಟಿನ ಜಿಪ್ಪನ್ನು ತಾನೇ ಮೆಲ್ಲಗೆ ಇಳಿಸಿ, ಕರ್ಚೀಫು ತೆಗೆದು ಅವಳ ಹಣೆ ಒರೆಸಿದ.

"ಲಿಫ್ಟಿನ ಬೆಂಚಲ್ಲಿ ಇಬ್ಬರಿಗೇ ಜಾಗ. ನನ್ನ ಪಕ್ಕ ಕೂತ್ಕೋತೀಯಾ? ಅಲ್ಲೂ... ಆಮೇಲೆ ಎಲ್ಲಾ ಕಡೇನೂ?"

"ಕೂತ್ಕೋತೀನಿ," ಎಂದಳು ಅನಘಾ. ಅಳುತ್ತಲೇ ನಕ್ಕಳು. "ಗಡಗಡ ಅಂದಾಗ ಕೈ ಹಿಡ್ಕೋಬೇಕು."

"ಈಗಲೇ ಹಿಡ್ಕೋತೀನಿ."

ಬಸ್ ಬಂತು. ಕಿತ್ತಳೆ ಜಾಕೆಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಇಬ್ಬರೂ ಪಕ್ಕಪಕ್ಕ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವಿನ್ ಹಳೆಯ ಅಭ್ಯಾಸದಲ್ಲಿ ಕೇಳಿಬಿಟ್ಟ.

"ಅನಘಾ, ಅಲ್ಲಿಂದ ಬಂದ್ಮೇಲೆ ಹಿಮ ಹೇಗಿತ್ತು ಅಂತ ನಂಗೆ ಎಲ್ಲಾ ಹೇಳ್ತೀಯಲ್ಲ?"

ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು.

"ನಾನ್ಯಾಕೋ ಹೇಳ್ಲಿ? ನೀನೂ ಅಲ್ಲೇ ಇರ್ತೀಯಲ್ಲ... ಕಣ್ತುಂಬ ನೋಡ್ಕೋ."