ಗುಡೇಕೋಟೆಯ ತೋಳದ ಮರಿಗಳು

೧೯೮೯ರಲ್ಲಿ ವನ್ಯಜೀವಿ ಎಂ.ಎಸ್ಸಿ. ಪ್ರಬಂಧಕ್ಕಾಗಿ ನಾನು ಗುಡೇಕೋಟೆಯ ಗುಡ್ಡಗಳಲ್ಲಿ ತೋಳಗಳ ಅಧ್ಯಯನ ಮಾಡುತ್ತಿದ್ದೆ. ಮರಿ ಹಾಕಿದ ಗವಿಯೊಂದು ಸಿಕ್ಕ ಖುಷಿಯಲ್ಲಿ ಕುರಿ ಕಾಯುವ ಗಾದೆಪ್ಪನಿಗೂ ತೋರಿಸಿಬಿಟ್ಟೆ. ತೋಳ ಅವನ ಆರು ಕುರಿ ತಿಂದದ್ದು ನನಗೆ ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಹೋದಾಗ ಗವಿಯ ಬಾಯಿಗೆ ಬಂಡೆ ಮುಚ್ಚಿತ್ತು. ಸುತ್ತ ಮಸಿ. ಒಳಗೆ ಮರಿಗಳು ಕುಂಯ್‌ಗುಡುತ್ತಿದ್ದವು.

“ಗಾದೆಪ್ಪ, ಇನ್ನೂ ಜೀವಂತ ಅದಾವು, ಕಲ್ಲು ತೆಗೀರಿ!” ಎಂದು ಅಲ್ಲೇ ಹತ್ತಿರ ಕುರಿ ಮೇಯಿಸುತ್ತಿದ್ದ ಅವನಿಗೆ ಕೂಗಿದೆ.

“ಮೊನ್ನೇನ ಹೊಗಿ ಹಾಕೀನ್ರಿ ಸಾರ್. ಒಂದೂ ಉಳದಿಲ್ಲ,” ಎಂದ. ಆದರೆ ಅವನಿಗೂ ಕೇಳುತ್ತಿತ್ತು.

ಇಬ್ಬರೂ ಸೇರಿ ಬಂಡೆ ಉರುಳಿಸಿದೆವು. ನಾಲ್ಕು ಮರಿಗಳು ಸತ್ತು ಸೆಟೆದಿದ್ದವು. ಆ ಉರಿಬಿಸಿಲಲ್ಲೂ ಮೈ ಬಾವಿನೀರಿನಷ್ಟು ತಣ್ಣಗಿತ್ತು. ನಾನು ಟೇಪು ತೆಗೆದು ಅಳತೆ ಬರೆದುಕೊಂಡೆ.

ದನಿ ನಿಲ್ಲಲಿಲ್ಲ. ಈಗ ಅದು ಗಾದೆಪ್ಪನ ಹಿಂಡಿನಿಂದ ಬರುತ್ತಿತ್ತು. ಹಿಂದಿನ ದಿನ ಹುಟ್ಟಿದ ಕುರಿಮರಿಯೊಂದು ಹಾಗೇ ಕುಂಯ್‌ಗುಡುತ್ತಿತ್ತು. ತಾಯಿ ಅದನ್ನು ಹತ್ತಿರ ಸೇರಿಸಲಿಲ್ಲ. ಗಾದೆಪ್ಪ ಅದರ ಕತ್ತು ತಿರುವಿದ. ಪಕ್ಕದ ಮರಿ ಶುರು ಮಾಡಿತು. ನಾನು ತಡೆಯಲಿಲ್ಲ.

ಸಂಜೆಗೆ ಹಿಂಡಿನಲ್ಲಿ ಮರಿಯೇ ಉಳಿಯಲಿಲ್ಲ. ಆಮೇಲೂ ಆ ದನಿ ಊರ ತನಕ ನಮ್ಮ ಜೊತೆಗೇ ಬಂತು. ಗಾದೆಪ್ಪನ ಮನೆ ಮುಂದೆ ನಮ್ಮನ್ನು ಬಿಟ್ಟು ಹೊಸ್ತಿಲು ದಾಟಿ ಒಳಗೆ ಹೋಯಿತು. ಒಳಗೆ ಅವನ ಮಗಳು ಜಂಬಕ್ಕ ಹಸಿ ಬಾಣಂತಿ.